ಮೇಲಿನಿಂದ ಕಂಡ ನಮ್ಮ ಕಾಡು: ಉಪಗ್ರಹ ಚಿತ್ರಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿ, ಮಂಗಳೂರು ಕಡೆಯ ಶಾಲೆ-ಕಾಲೇಜುಗಳಲ್ಲಿ, ಕೆಲವೊಮ್ಮೆ ಪಂಚಾಯತ್ ಸಭಾಂಗಣಗಳಲ್ಲಿ ಉಪಗ್ರಹ ಚಿತ್ರಗಳನ್ನು ತೋರಿಸಿ ಮಾತಾಡುತ್ತೇನೆ. ಮಾತು ಮುಗಿದ ಮೇಲೆ ಚಹಾ ಕುಡಿಯುವಾಗ ಕೇಳಿದ್ದು, ಆಮೇಲೆ ಪತ್ರದಲ್ಲಿ, ವಾಟ್ಸಾಪ್‌ನಲ್ಲಿ ಬಂದದ್ದು, ಎಲ್ಲವನ್ನೂ ಇಲ್ಲಿ ಸೇರಿಸಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಕೊನೆಗೆ.

## ಶುರುವಿನ ಪ್ರಶ್ನೆಗಳು

ಅಷ್ಟು ಎತ್ತರದಿಂದ ಇದು ಕಾಡು ಅಂತ ಗೊತ್ತಾಗುವುದು ಹೇಗೆ ಮಾರಾಯ್ರೇ?

ಬೆಳಕಿನಿಂದ. ಎಲೆ ತನ್ನ ಆಹಾರ ತಯಾರಿಸಲು ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ನಮ್ಮ ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಮಾತ್ರ ಜೋರಾಗಿ ಹಿಂದಕ್ಕೆ ಎಸೆಯುತ್ತದೆ. ನೀರು ಅವಗೆಂಪನ್ನು ನುಂಗುತ್ತದೆ. ಬರಿ ಮಣ್ಣು, ಮುರಕಲ್ಲು (ಜಂಬಿಟ್ಟಿಗೆ ಕಲ್ಲು) ಈ ಎರಡೂ ಬೆಳಕನ್ನು ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ ಹಿಂದಕ್ಕೆ ಕಳಿಸುತ್ತವೆ. ಭೂಮಿಯಿಂದ 786 ಕಿಲೋಮೀಟರ್ ಮೇಲೆ ಸುತ್ತುವ ಸೆಂಟಿನೆಲ್-2, 705 ಕಿಲೋಮೀಟರ್ ಮೇಲಿರುವ ಲ್ಯಾಂಡ್‌ಸ್ಯಾಟ್, ಎರಡೂ ಉಪಗ್ರಹಗಳು ಈ ಬೆಳಕುಗಳನ್ನು ಬೇರೆ ಬೇರೆಯಾಗಿ ಅಳೆಯುತ್ತವೆ.

ಅವಗೆಂಪಿನಿಂದ ಕೆಂಪನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸಿದರೆ ಸಿಗುವ ಸಂಖ್ಯೆಯೇ ಎನ್‌ಡಿವಿಐ. ದಟ್ಟ ಕಾಡಿನಲ್ಲಿ ಅದು ಸುಮಾರು 0.8 ಇರುತ್ತದೆ. ಬರಿ ನೆಲದಲ್ಲಿ 0.1 ಅಥವಾ 0.2. ನದಿ, ಸಮುದ್ರದಲ್ಲಿ ಸೊನ್ನೆಗಿಂತಲೂ ಕೆಳಗೆ. ಈ ಸಂಖ್ಯೆ ಹೇಳುವುದು ಹಸಿರು ಎಷ್ಟಿದೆ ಎಂಬುದನ್ನು ಮಾತ್ರ. ಅದು ಎಂಥ ಹಸಿರು ಎಂದು ಹೇಳುವುದಿಲ್ಲ. ಈ ವ್ಯತ್ಯಾಸ ನೆನಪಿರಲಿ, ಮುಂದೆ ಬೇಕಾಗುತ್ತದೆ.

ನಮ್ಮ ಮನೆ ಹತ್ತಿರದ ನಾಗಬನ ಕಾಣ್ತದಾ?

ಸೆಂಟ್ಸ್ (ಒಂದು ಎಕರೆಗೆ ನೂರು ಸೆಂಟ್ಸ್) ಲೆಕ್ಕದಲ್ಲಿ ಹೇಳುತ್ತೇನೆ, ಆಗ ಬೇಗ ಅರ್ಥವಾಗುತ್ತದೆ. ಸೆಂಟಿನೆಲ್-2 ಚಿತ್ರದ ಒಂದು ಪಿಕ್ಸೆಲ್, ಅಂದರೆ ಚಿತ್ರದ ಅತಿ ಚಿಕ್ಕ ಚೌಕ, 10 ಮೀಟರ್ ಉದ್ದ, 10 ಮೀಟರ್ ಅಗಲ. ಅಂದರೆ ಸುಮಾರು ಎರಡೂವರೆ ಸೆಂಟ್ಸ್. ಲ್ಯಾಂಡ್‌ಸ್ಯಾಟ್‌ನ ಒಂದು ಪಿಕ್ಸೆಲ್ 30 ಮೀಟರ್‌ನದ್ದು, ಸುಮಾರು 22 ಸೆಂಟ್ಸ್. ಭಾರತೀಯ ಅರಣ್ಯ ಸಮೀಕ್ಷೆ ಬಳಸುವ ಲಿಸ್-3 ಕ್ಯಾಮೆರಾದ್ದು 23.5 ಮೀಟರ್, ಹದಿನಾಲ್ಕು ಸೆಂಟ್ಸ್‌ಗೆ ಸ್ವಲ್ಪ ಕಡಿಮೆ.

ನಿಮ್ಮ ಬನ ಹತ್ತು ಸೆಂಟ್ಸ್ ಇದ್ದರೆ ಸೆಂಟಿನೆಲ್‌ನಲ್ಲಿ ನಾಲ್ಕು ಪಿಕ್ಸೆಲ್. ಕಾಣುತ್ತದೆ, ಆದರೆ ಅಂಚು ಮಸುಕು. ಲ್ಯಾಂಡ್‌ಸ್ಯಾಟ್‌ನಲ್ಲಿ ಅರ್ಧ ಪಿಕ್ಸೆಲ್, ಪಕ್ಕದ ತೋಟದ ಜೊತೆ ಕಲಸಿಹೋಗುತ್ತದೆ. ದೇಶದ ಅರಣ್ಯ ನಕ್ಷೆಯಲ್ಲಂತೂ 1 ಹೆಕ್ಟೇರ್, ಅಂದರೆ 247 ಸೆಂಟ್ಸ್‌ಗಿಂತ ಚಿಕ್ಕ ತುಂಡಿಗೆ ಜಾಗವೇ ಇಲ್ಲ. ನಮ್ಮೂರಿನ ಹಾಡಿ, ಬನಗಳಲ್ಲಿ ಎಷ್ಟೋ ಇದಕ್ಕಿಂತ ಚಿಕ್ಕವು. ಅವು ಇದ್ದರೂ ಲೆಕ್ಕಕ್ಕಿಲ್ಲ, ಹೋದರೂ ಲೆಕ್ಕಕ್ಕಿಲ್ಲ. ಈ ಕೆಲಸದಲ್ಲಿ ನನಗೆ ತುಂಬಾ ಬೇಸರ ತರುವ ವಿಷಯ ಇದು.

ಗೂಗಲ್ ಅರ್ಥ್‌ನಲ್ಲಿ ಕಾರು ಕೂಡ ಕಾಣುತ್ತದಲ್ವಾ ಎಂದು ಕೇಳುತ್ತಾರೆ. ಅವು ಖಾಸಗಿ ಕಂಪನಿಗಳ ಚಿತ್ರಗಳು, ಒಂದು ಮೀಟರ್‌ಗಿಂತಲೂ ಸೂಕ್ಷ್ಮ. ಆದರೆ ನಮಗೆ ಬೇಕಾದ ತಾರೀಖಿನದ್ದು ಸಿಗುವುದು ಅದೃಷ್ಟ.

ಎಷ್ಟು ಹಳೆಯ ಚಿತ್ರ ಸಿಗ್ತದೆ? ಅಜ್ಜನ ಕಾಲದ್ದು ಉಂಟಾ?

ಉಂಟು. ಮೊದಲ ಲ್ಯಾಂಡ್‌ಸ್ಯಾಟ್ 1972ರ ಜುಲೈನಲ್ಲಿ ಹಾರಿತು. ಆಗಿನ ಚಿತ್ರಗಳು ಒರಟು. 1984ರ ಲ್ಯಾಂಡ್‌ಸ್ಯಾಟ್-5ರಿಂದ 30 ಮೀಟರ್‌ನ ಒಳ್ಳೆಯ ಸರಣಿ ಶುರುವಾಗುತ್ತದೆ. ನಮ್ಮ ದೇಶದ ಐಆರ್‌ಎಸ್-1ಎ 1988ರ ಮಾರ್ಚ್‌ನಲ್ಲಿ ಹೋಯಿತು. ಅಮೆರಿಕದ ಗೂಢಚಾರ ಉಪಗ್ರಹ ಕೊರೋನಾ 1960ರ ದಶಕದಲ್ಲಿ ತೆಗೆದ ಕಪ್ಪು-ಬಿಳುಪು ಚಿತ್ರಗಳನ್ನೂ 1995ರಲ್ಲಿ ಜನರಿಗೆ ಬಿಟ್ಟುಕೊಟ್ಟರು.

ಕಣ್ಣು ಪಳಗಿಸಲು ಒಂದು ಜಾಗ ಹೇಳುತ್ತೇನೆ: ಬಜಪೆ. ಅಲ್ಲಿನ ಮಂಗಳೂರು ವಿಮಾನ ನಿಲ್ದಾಣದ ಎರಡನೇ ರನ್‌ವೇ 2006ರಲ್ಲಿ ಬಳಕೆಗೆ ಬಂತು. 2000ದ ಚಿತ್ರ, 2007ರ ಚಿತ್ರ ಪಕ್ಕ ಪಕ್ಕ ಇಡಿ. ಗುಡ್ಡದ ತಲೆ ಚಪ್ಪಟೆಯಾದದ್ದು ಚಿಕ್ಕ ಮಕ್ಕಳಿಗೂ ತಕ್ಷಣ ಕಾಣುತ್ತದೆ.

ಇದಕ್ಕೆಲ್ಲ ದುಡ್ಡು ಕೊಡಬೇಕಾ?

ಬೇಡ. ಲ್ಯಾಂಡ್‌ಸ್ಯಾಟ್ 2008ರಿಂದ ಉಚಿತ. ಸೆಂಟಿನೆಲ್ ಶುರುವಿನಿಂದಲೇ ಉಚಿತ. ಇಸ್ರೋದ ಭುವನ್ ತಾಣದಲ್ಲೂ ಬೇಕಾದಷ್ಟು ಸಿಗುತ್ತದೆ.

## ಕರಾವಳಿಯ ಕಾಡು, ಕರಾವಳಿಯ ತೊಡಕು

ನಮ್ಮ ಜಿಲ್ಲೆ ಹಸಿರಾಗಿಯೇ ಉಂಟಲ್ಲ, ಕಾಡು ಹೋಗಿದೆ ಅಂತ ಯಾಕೆ ಹೇಳ್ತೀರಿ?

ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಇದು. ಸ್ವಲ್ಪ ಉದ್ದಕ್ಕೆ ಉತ್ತರಿಸುತ್ತೇನೆ.

ಅರಣ್ಯ ಸಮೀಕ್ಷೆಯ ಲೆಕ್ಕದಲ್ಲಿ 1 ಹೆಕ್ಟೇರ್ ಅಥವಾ ಹೆಚ್ಚು ಜಾಗದಲ್ಲಿ ಮರಗಳ ನೆರಳು ಶೇಕಡಾ 10ಕ್ಕಿಂತ ಜಾಸ್ತಿ ಇದ್ದರೆ ಅದು ಅರಣ್ಯ ಹೊದಿಕೆ. ಜಾಗ ಯಾರದ್ದು, ಮರ ಯಾವುದು ಎಂದು ಕೇಳುವುದಿಲ್ಲ. ಹಣ್ಣಿನ ತೋಟ, ಬಿದಿರು, ತಾಳೆ ಜಾತಿಯ ಮರ ಎಲ್ಲ ಸೇರುತ್ತವೆ. ಹಾಗಾಗಿ ವಿಟ್ಲದ ಅಡಿಕೆ, ಸುಳ್ಯದ ರಬ್ಬರ್, ಕಾರ್ಕಳದ ಗೇರು, ಗುಡ್ಡೆ ಮೇಲೆ ನೆಟ್ಟ ಅಕೇಶಿಯಾ ಎಲ್ಲವೂ ಆ ಲೆಕ್ಕದಲ್ಲಿ ಕಾಡಿನ ಜೊತೆಯೇ ಕೂರುತ್ತವೆ. ವ್ಯಾಖ್ಯೆಯನ್ನು ಅವರು ಮುಚ್ಚಿಟ್ಟಿಲ್ಲ, ವರದಿಯಲ್ಲೇ ಬರೆದಿದ್ದಾರೆ. ಓದುವ ನಾವು 'ಅರಣ್ಯ ಹೊದಿಕೆ' ಎಂಬುದನ್ನು 'ಕಾಡು' ಎಂದು ಓದಿಕೊಳ್ಳುತ್ತೇವೆ.

ಬಯಲುಸೀಮೆಯಲ್ಲಿ ಕಾಡು ಕಡಿದರೆ ಹೊಲ ಬರುತ್ತದೆ, ಬಣ್ಣ ಬದಲಾಗುತ್ತದೆ. ನಮ್ಮಲ್ಲಿ ಕಾಡು ಕಡಿದ ಜಾಗಕ್ಕೂ ಮರವೇ ಬರುತ್ತದೆ. ಒಂದೆರಡು ವರ್ಷ ಕೆಂಪು ಕಾಣುತ್ತದೆ, ಆಮೇಲೆ ಮತ್ತೆ ಹಸಿರು. ಹತ್ತು ವರ್ಷದ ಅಂತರದ ಎರಡು ಚಿತ್ರ ಮಾತ್ರ ನೋಡಿದರೆ ಏನೂ ಆಗಿಲ್ಲ ಅನಿಸುತ್ತದೆ. ಮಧ್ಯದ ವರ್ಷಗಳನ್ನೂ ನೋಡಬೇಕು.

ಒಂದು ಜನವರಿಯಲ್ಲಿ ಬೆಳ್ತಂಗಡಿ ತಾಲೂಕಿನ ಒಂದು ಗುಡ್ಡೆಯಲ್ಲಿ ಎನ್‌ಡಿವಿಐ ದಿಢೀರನೆ ಇಳಿದದ್ದು ಕಂಡಿತು. ಐದಾರು ಎಕರೆ ಇರಬಹುದು. ಮರ ಕಡಿದ ಹಾಗೆಯೇ ಇತ್ತು. ಮರುದಿನ ಬೆಳಿಗ್ಗೆ ಹೋದೆ. ಒಂದು ಮರವೂ ಬಿದ್ದಿರಲಿಲ್ಲ. ಸಾಲು ಸಾಲು ರಬ್ಬರ್, ಬರಿ ಕೊಂಬೆ. ಕಾಲಿಟ್ಟಲ್ಲೆಲ್ಲ ತರಗೆಲೆಯ ಸದ್ದು. ಕಾಂಡದ ಓರೆ ಗೀರಿನ ಕೆಳಗೆ ಗೆರಟೆ ಕಟ್ಟಿತ್ತು, ಅದರ ಅಂಚಿನಲ್ಲಿ ಹಾಲು ಒಣಗಿ ಅಂಟಿಕೊಂಡಿತ್ತು. ರಬ್ಬರ್ ಚಳಿಗಾಲದಲ್ಲಿ ಎಲೆ ಉದುರಿಸುತ್ತದೆ, ಅಷ್ಟೇ. ಮಾರ್ಚ್ ಹೊತ್ತಿಗೆ ಅದೇ ಪಿಕ್ಸೆಲ್‌ಗಳು ಮತ್ತೆ ಹಸಿರಾದವು.

ಮನೆಗೆ ಬಂದು 1990ರ ಸುತ್ತಿನ ಹಳೆಯ ಚಿತ್ರ ತೆಗೆದೆ. ಆಗಿನ ಜನವರಿಯಲ್ಲಿ ಆ ಗುಡ್ಡೆ ಎಲೆ ಉದುರಿಸಿರಲಿಲ್ಲ, ಒಂದೇ ಸಮನೆ ಗಾಢವಾಗಿತ್ತು. ಅಂದರೆ ಅಲ್ಲಿ ಮೊದಲು ನಿತ್ಯಹಸಿರಿನ ಮರಗಳಿದ್ದವು, ಈಗ ರಬ್ಬರ್ ಇದೆ. ಮಾರ್ಚ್ ಚಿತ್ರ ಮಾತ್ರ ನೋಡಿದ್ದರೆ ಎರಡೂ ಒಂದೇ ಹಸಿರು.

ಹಾಗಾದರೆ ಅಡಿಕೆ ತೋಟವನ್ನೂ ಕಾಡನ್ನೂ ಬೇರೆ ಮಾಡಲು ಆಗುವುದೇ ಇಲ್ವಾ?

ಆಗುತ್ತದೆ, ಆದರೆ ಒಂದೇ ಚಿತ್ರದಿಂದ ಆಗುವುದಿಲ್ಲ. ರಬ್ಬರ್ ಬಗ್ಗೆ ಈಗಾಗಲೇ ಹೇಳಿದೆ, ಅದರ ಗುಟ್ಟು ತಿಂಗಳಲ್ಲಿದೆ. ಅಕೇಶಿಯಾ ವರ್ಷವಿಡೀ ಹಸಿರು, ಆದರೆ ನೆಟ್ಟದ್ದೂ ಒಟ್ಟಿಗೆ, ಕಡಿಯುವುದೂ ಒಟ್ಟಿಗೆ. ಹಾಗಾಗಿ ಅಂಚು ನೇರ ಗೆರೆ, ಮೇಲ್ಮೈ ನಯ. ಘಟ್ಟದ ಕಾಡಿನಲ್ಲಿ ಎತ್ತರದ ಮರ, ಗಿಡ್ಡ ಮರ ಬೆರೆತು ನೆರಳು ಬೀಳುತ್ತದೆ, ಮೇಲ್ಮೈ ಒರಟು. ಅಡಿಕೆ ಬಹಳ ಕಡೆ ಕಣಿವೆಯ ತಳದಲ್ಲಿ, ತೋಡಿನ ಪಕ್ಕ, ಉದ್ದಕ್ಕೆ ನಾಲಿಗೆಯ ಹಾಗೆ ಚಾಚಿರುತ್ತದೆ. ಆಕಾರದಿಂದಲೇ ಗುರುತಿಸಬಹುದು.

ಕಷ್ಟದ್ದು ಎಂದರೆ ಅಡಿಕೆಯ ನಡುವೆ ಹಲಸು, ಮಾವು, ಮೆಣಸಿನ ಬಳ್ಳಿ ಇರುವ ಹಳೆ ತೋಟ. ಅದನ್ನು ಯಾವ ವಿಧಾನವೂ ಪೂರ್ತಿ ಸರಿಯಾಗಿ ಬೇರ್ಪಡಿಸುವುದಿಲ್ಲ.

ಮಳೆಗಾಲದಲ್ಲಿ ಎಂತ ಮಾಡುವುದು? ನಾಲ್ಕು ತಿಂಗಳು ಮೋಡವೇ ಅಲ್ವಾ?

ಮಾಮೂಲಿ ಕ್ಯಾಮೆರಾ ಇರುವ ಉಪಗ್ರಹಕ್ಕೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿ ಬಿಳಿ ಹತ್ತಿಯ ಹಾಗೆ. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಆಕಾಶ ಸ್ವಚ್ಛ. ಹೆಚ್ಚಿನ ಕೆಲಸ ಆ ಚಿತ್ರಗಳಿಂದಲೇ ನಡೆಯುತ್ತದೆ.

ಮಳೆಗಾಲಕ್ಕೆ ರೇಡಾರ್ ಇದೆ. ಸೆಂಟಿನೆಲ್-1 ತಾನೇ ಅಲೆ ಕಳಿಸಿ, ಹಿಂದಕ್ಕೆ ಬಂದದ್ದನ್ನು ಅಳೆಯುತ್ತದೆ. ಅದಕ್ಕೆ ಮೋಡವೂ ಅಡ್ಡಿಯಲ್ಲ, ರಾತ್ರಿಯೂ ಅಡ್ಡಿಯಲ್ಲ. ಆದರೆ ರೇಡಾರ್ ಓರೆಯಾಗಿ ನೋಡುತ್ತದೆ. ಚಾರ್ಮಾಡಿ, ಕುದುರೆಮುಖದಂಥ ಕಡಿದಾದ ಜಾಗದಲ್ಲಿ ಗುಡ್ಡದ ಒಂದು ಮಗ್ಗುಲು ಅತಿಯಾಗಿ ಹೊಳೆಯುತ್ತದೆ, ಇನ್ನೊಂದು ನೆರಳಿನಲ್ಲಿ ಮುಳುಗುತ್ತದೆ. ಅಲ್ಲಿ ಅದರ ಮಾತನ್ನು ಹುಷಾರಾಗಿ ತೆಗೆದುಕೊಳ್ಳಬೇಕು.

ಹಡಿಲು ಬಿದ್ದ ಗದ್ದೆ ಲೆಕ್ಕ ಹಾಕಬಹುದಾ?

ಹಡಿಲು ಅಂದರೆ ಸಾಗುವಳಿ ಬಿಟ್ಟ ಗದ್ದೆ. ಲೆಕ್ಕ ಹಾಕಬಹುದು, ಅದೂ ಮಳೆಗಾಲದಲ್ಲೇ. ಏಣೆಲು (ಮಳೆಗಾಲದ ಭತ್ತ) ಬೆಳೆಗೆ ಗದ್ದೆ ಉತ್ತು ನೀರು ನಿಲ್ಲಿಸಿದಾಗ ರೇಡಾರ್ ಅಲೆ ಕನ್ನಡಿಗೆ ಬಿದ್ದ ಹಾಗೆ ಆಚೆ ಹಾರಿಹೋಗುತ್ತದೆ. ಚಿತ್ರದಲ್ಲಿ ಗದ್ದೆ ಕಪ್ಪಾಗುತ್ತದೆ. ನೇಜಿ (ಭತ್ತದ ಸಸಿ) ನೆಟ್ಟು ಅದು ಎದ್ದು ಬಂದ ಹಾಗೆ ಮತ್ತೆ ಬೆಳ್ಳಗಾಗುತ್ತದೆ. ಈ ಇಳಿಕೆ-ಏರಿಕೆ ಇದ್ದರೆ ಸಾಗುವಳಿ ಆಗಿದೆ ಎಂದು ಅರ್ಥ. ಹಡಿಲು ಗದ್ದೆಯಲ್ಲಿ ಹುಲ್ಲು ಮೊದಲೇ ಇರುತ್ತದೆ, ಆ ಏರಿಳಿತ ಕಾಣುವುದಿಲ್ಲ. ತಗ್ಗಿನ ಬೈಲು ಗದ್ದೆಗಳಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಎತ್ತರದ ಬೆಟ್ಟು ಗದ್ದೆಗಳು ಚಿಕ್ಕವು, ಅಂಚಿನಲ್ಲಿ ತೆಂಗು ಬೇರೆ. ಅಲ್ಲಿ ತಪ್ಪು ಜಾಸ್ತಿ.

ಪದವು ಬಂಜರು ಭೂಮಿ ಅಂತ ನಕ್ಷೆಯಲ್ಲಿ ಉಂಟು. ಹೌದಾ?

ನಾನು ಒಪ್ಪುವುದಿಲ್ಲ. ಉಪಗ್ರಹ ಚಿತ್ರದಿಂದ ಮಾಡಿದ ನಕ್ಷೆಗಳಲ್ಲಿ ಮುರಕಲ್ಲಿನ ಪದವು, ಅಂದರೆ ಗುಡ್ಡದ ಮೇಲಿನ ಕಲ್ಲು ಬಯಲು, ಬಹಳ ಸಲ ಬಂಜರು, ಬಂಡೆ ಎಂದು ಗುರುತಾಗುತ್ತದೆ. ಕಾರಣ ಸರಳ: ಮೋಡವಿಲ್ಲದ ಚಿತ್ರ ಬೇಸಿಗೆಯದ್ದು, ಬೇಸಿಗೆಯಲ್ಲಿ ಪದವು ಒಣಗಿ ಕೆಂಪಾಗಿರುತ್ತದೆ. ಸೆಪ್ಟೆಂಬರ್‌ನಲ್ಲಿ ಅದೇ ಜಾಗಕ್ಕೆ ಹೋಗಿ ಬಗ್ಗಿ ನೋಡಿ. ಕಲ್ಲಿನ ಗುಳಿಗಳಲ್ಲಿ ನೀರು, ನೀರಿನಂಚಿಗೆ ಉಗುರಿನಷ್ಟು ದೊಡ್ಡ ನೇರಳೆ ಹೂವಿನ ಯುಟ್ರಿಕ್ಯುಲೇರಿಯಾ, ಬಿಳಿ ಗುಂಡಿಯಂಥ ಹೂವಿನ ಎರಿಯೊಕಾಲಾನ್. ಯುಟ್ರಿಕ್ಯುಲೇರಿಯಾ ಸಣ್ಣ ಜೀವಿಗಳನ್ನು ಹಿಡಿದು ತಿನ್ನುವ ಗಿಡ. ಈ ಜೀವನವೆಲ್ಲ ಮೋಡದ ಕೆಳಗೆ ನಡೆದು ಮುಗಿಯುತ್ತದೆ. ನಕ್ಷೆಯ ಮೇಲೆ 'ಬಂಜರು' ಎಂದು ಬರೆದ ಜಾಗವನ್ನು ಕೋರೆಗೋ ಬಡಾವಣೆಗೋ ಕೊಡುವುದು ಸುಲಭ. ಅದಕ್ಕೇ ಈ ಶಬ್ದದ ಬಗ್ಗೆ ಇಷ್ಟು ಹಟ ಮಾಡುತ್ತೇನೆ.

ಕಾಂಡ್ಲಾ ಕಾಡು ಹೆಚ್ಚಾಗಿದೆಯಾ ಕಡಿಮೆಯಾಗಿದೆಯಾ, ಹೇಗೆ ನೋಡುವುದು?

ಕಾಂಡ್ಲಾ ಅಂದರೆ ಅಳಿವೆಯ ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್. ಅದನ್ನು ಉಬ್ಬರ-ಇಳಿತ ಗಮನಿಸಿಕೊಂಡು ನೋಡಬೇಕು. ಸೆಂಟಿನೆಲ್-2 ನಮ್ಮ ಮೇಲೆ ಹಾದುಹೋಗುವುದು ಬೆಳಿಗ್ಗೆ ಹನ್ನೊಂದರ ಆಸುಪಾಸು. ಆ ಹೊತ್ತಿಗೆ ಒಂದು ದಿನ ಉಬ್ಬರ, ಇನ್ನೊಂದು ದಿನ ಇಳಿತ. ಉಬ್ಬರದಲ್ಲಿ ಚಿಕ್ಕ ಗಿಡಗಳು ಅರ್ಧ ಮುಳುಗಿರುತ್ತವೆ, ಕಾಡು ಕಡಿಮೆಯಾದಂತೆ ಕಾಣುತ್ತದೆ. ಕುಂದಾಪುರದ ಪಂಚಗಂಗಾವಳಿ ಅಳಿವೆಯ ಚಿತ್ರ ಹೋಲಿಸುವಾಗ ಎರಡೂ ದಿನದ ಉಬ್ಬರದ ಕೋಷ್ಟಕ ಪಕ್ಕದಲ್ಲಿರಲಿ.

ಗುಡ್ಡ ಜರಿದದ್ದು ಕಾಣ್ತದಾ?

ಚೆನ್ನಾಗಿ ಕಾಣುತ್ತದೆ. 2019ರ ಆಗಸ್ಟ್ ಮಳೆಗೆ ಚಾರ್ಮಾಡಿ ಸುತ್ತ ಗುಡ್ಡಗಳು ಜರಿದವು. ಆ ವರ್ಷದ ಡಿಸೆಂಬರ್ ಚಿತ್ರವನ್ನು ಹಿಂದಿನ ಡಿಸೆಂಬರ್ ಜೊತೆ ಇಟ್ಟು ನೋಡಿ. ಹಸಿರು ಇಳಿಜಾರಿನಲ್ಲಿ ಉಗುರಿನಿಂದ ಗೀರಿದಂಥ ಕಂದು ಗೆರೆಗಳು.

## ಸ್ವತಃ ಮಾಡಿ ನೋಡುವವರಿಗೆ

ನನ್ನ ಹತ್ತಿರ ಇರುವುದು ಒಂದು ಹಳೆ ಲ್ಯಾಪ್‌ಟಾಪ್. ಎಲ್ಲಿಂದ ಶುರು ಮಾಡಲಿ?

ಸಾಕು, ಅದರಲ್ಲೇ ಆಗುತ್ತದೆ. ಸೆಂಟಿನೆಲ್ ಚಿತ್ರಗಳನ್ನು ತೋರಿಸುವ ಕೋಪರ್ನಿಕಸ್ ಬ್ರೌಸರ್ ಎಂಬ ಜಾಲತಾಣ ತೆರೆಯಿರಿ. ನಿಮಗೆ ಚೆನ್ನಾಗಿ ಗೊತ್ತಿರುವ ಜಾಗಕ್ಕೆ ಹೋಗಿ, ನಿಮ್ಮ ಊರೇ ಒಳ್ಳೆಯದು. ಜನವರಿಯ ಮೋಡವಿಲ್ಲದ ಒಂದು ಸೆಂಟಿನೆಲ್-2 ಚಿತ್ರ ಆರಿಸಿ. ಮೊದಲು ಸಹಜ ಬಣ್ಣದಲ್ಲಿ ನೋಡಿ, ಆಮೇಲೆ 'ಫಾಲ್ಸ್ ಕಲರ್' ಒತ್ತಿ. ಈಗ ಅವಗೆಂಪು ಬೆಳಕು ಕೆಂಪಾಗಿ ಕಾಣುತ್ತದೆ. ಕಾಡು ಗಾಢ ಕೆಂಪು, ಹೊಸ ಚಿಗುರು ತಿಳಿಗೆಂಪು, ನದಿ ಕಪ್ಪು, ಹೊಸ ಕಲ್ಲಿನ ಕೋರೆ ಬಿಳಿ ಮಿಶ್ರಿತ ನೀಲಿ. ಒಂದು ವಾರ ಸುಮ್ನೆ ನೋಡುತ್ತಾ ಇರಿ, ಏನನ್ನೂ ಅಳೆಯಬೇಡಿ. ಗೊತ್ತಿರುವ ಜಾಗ ಹೇಗೆ ಕಾಣುತ್ತದೆ ಎಂದು ಕಣ್ಣಿಗೆ ಪಾಠವಾಗಲಿ.

ಆಮೇಲೆ ಗೂಗಲ್ ಅರ್ಥ್ ಎಂಜಿನ್‌ಗೆ ಬನ್ನಿ. ಲೆಕ್ಕವೆಲ್ಲ ಅವರ ಕಂಪ್ಯೂಟರ್‌ನಲ್ಲಿ ನಡೆಯುತ್ತದೆ, ಕಲಿಯುವವರಿಗೆ ಉಚಿತ. ನಕ್ಷೆ ಬಿಡಿಸಲು ಕ್ಯೂಜಿಐಎಸ್, ಅದೂ ಉಚಿತ. ಸರ್ವೆ ನಂಬರ್ ಯಾವುದೆಂದು ತಿಳಿಯಲು ಫೋನಿನಲ್ಲಿ ರಾಜ್ಯದ ದಿಶಾಂಕ್ ಆಪ್ ಇರಲಿ.

ಎರಡು ಚಿತ್ರ ಹೋಲಿಸಿದೆ, ಎಲ್ಲ ಕಡೆ ನಷ್ಟ ತೋರಿಸ್ತದೆ. ಇಷ್ಟೆಲ್ಲ ಕಾಡು ಹೋಯಿತಾ?

ಬಹುಶಃ ಇಲ್ಲ. ಮೊದಲು ತಿಂಗಳು ನೋಡಿ. ನವೆಂಬರ್ ಚಿತ್ರದ ಜೊತೆ ಏಪ್ರಿಲ್ ಚಿತ್ರ ಇಟ್ಟರೆ ಹುಲ್ಲು ಒಣಗಿದ್ದೆಲ್ಲ ನಷ್ಟವಾಗಿ ಕಾಣುತ್ತದೆ. ಜನವರಿಗೆ ಜನವರಿಯೇ ಜೋಡಿ. ಆಮೇಲೆ ತೆಳು ಮೋಡ ಮತ್ತು ಅದರ ನೆರಳು ನೋಡಿ, ಗದ್ದೆ ಸುಟ್ಟ ಹೊಗೆಯನ್ನೂ ನೋಡಿ.

ಇನ್ನೊಂದು ಗುಂಡಿ ಉಂಟು, ಬಹಳ ಜನ ಬೀಳುತ್ತಾರೆ. 2022ರ ಜನವರಿ 25ರಿಂದ ಸೆಂಟಿನೆಲ್-2ರ ಪಿಕ್ಸೆಲ್ ಸಂಖ್ಯೆಗಳಿಗೆ 1000 ಸೇರಿಸಿ ಕೊಡಲು ಶುರು ಮಾಡಿದರು. ಅದಕ್ಕೂ ಹಿಂದಿನ ಚಿತ್ರದ ಜೊತೆ ನೇರವಾಗಿ ಹೋಲಿಸಿದರೆ ಇಡೀ ಜಿಲ್ಲೆ ಬದಲಾದಂತೆ ತೋರುತ್ತದೆ. ಅರ್ಥ್ ಎಂಜಿನ್‌ನಲ್ಲಿ 'ಹಾರ್ಮೊನೈಸ್ಡ್' ಎಂದಿರುವ ಸಂಗ್ರಹವನ್ನೇ ತೆಗೆದುಕೊಳ್ಳಿ. ಲ್ಯಾಂಡ್‌ಸ್ಯಾಟ್-7 ಬಳಸುವವರಿಗೂ ಒಂದು ಮಾತು: 2003ರ ಮೇ ಕೊನೆಯಲ್ಲಿ ಅದರ ಒಂದು ಭಾಗ ಕೆಟ್ಟಿತು. ಆಮೇಲಿನ ಚಿತ್ರಗಳಲ್ಲಿ ಕಪ್ಪು ಪಟ್ಟಿಗಳಿವೆ, ಅವು ರಸ್ತೆಯೂ ಅಲ್ಲ, ನದಿಯೂ ಅಲ್ಲ.

## ಇನ್ನೂ ಆಳಕ್ಕೆ

ಈಗ ಎಐಗೆ ಕೊಟ್ಟರೆ ಅದೇ ಎಲ್ಲ ವಿಂಗಡಿಸ್ತದಲ್ಲ?

ವಿಂಗಡಿಸುತ್ತದೆ, ಹೇಳಿಕೊಟ್ಟಷ್ಟು. ಗೂಗಲ್‌ನ ಡೈನಾಮಿಕ್ ವರ್ಲ್ಡ್ ನೋಡಿ. ಇಡೀ ಭೂಮಿಯನ್ನು ಒಂಬತ್ತು ಗುಂಪು ಮಾಡುತ್ತದೆ. ಅದರಲ್ಲಿ 'ಮರ' ಒಂದೇ ಗುಂಪು. ತೆಂಗು, ಅಡಿಕೆ, ರಬ್ಬರ್, ಕಾಡು ಎಲ್ಲ ಅದರೊಳಗೆ. ನಮಗೆ ಬೇಕಾದ ವಿಂಗಡಣೆ ಬೇಕಿದ್ದರೆ ನಮ್ಮೂರಿನ ಉದಾಹರಣೆಗಳನ್ನು ನಾವೇ ಕೊಡಬೇಕು: ಇದು ಅಡಿಕೆ, ಇದು ಹಾಡಿ, ಇದು ಅಕೇಶಿಯಾ ಎಂದು ನೂರಾರು ಬಿಂದು. ಊರವರಿಗೆ ಗೊತ್ತಿರುವ ಈ ವಿಷಯ ಜಗತ್ತಿನ ಯಾವ ಕಂಪನಿಯ ಹತ್ತಿರವೂ ಇಲ್ಲ. ವಿದ್ಯಾರ್ಥಿಗಳಿಗೆ ನಾನು ಮೊದಲು ಕೊಡುವ ಕೆಲಸವೂ ಇದೇ.

ನಕ್ಷೆಯಲ್ಲಿ ಶೇಕಡಾ 90 ನಿಖರ ಅಂತ ಬರೆದಿದೆ. ನಂಬಬಹುದಾ?

ಯಾವುದರ 90 ಎಂದು ಕೇಳಿ. ಒಂದು ತಾಲೂಕಿನಲ್ಲಿ ಈ ವರ್ಷ ಶೇಕಡಾ 1ರಷ್ಟು ಜಾಗದಲ್ಲಿ ಕಾಡು ಹೋಗಿದೆ ಎಂದುಕೊಳ್ಳಿ. 'ಎಲ್ಲೂ ಏನೂ ಆಗಿಲ್ಲ' ಎಂದು ಒಂದು ಬರಿ ಕಾಗದ ಕೊಟ್ಟರೂ ಅದು ಶೇಕಡಾ 99 ನಿಖರ! ಹಾಗಾಗಿ ಒಟ್ಟು ನಿಖರತೆ ಸಾಲುವುದಿಲ್ಲ. ನಷ್ಟ ಎಂದು ತೋರಿಸಿದ್ದರಲ್ಲಿ ನಿಜವಾದದ್ದು ಎಷ್ಟು? ನಿಜವಾದ ನಷ್ಟದಲ್ಲಿ ನಕ್ಷೆ ಹಿಡಿದದ್ದು ಎಷ್ಟು? ಈ ಎರಡು ಸಂಖ್ಯೆ ಬೇಕು.

ಪಿಕ್ಸೆಲ್ ಎಣಿಸಿ ಎಕರೆ ಹೇಳುವುದೂ ಸರಿಯಲ್ಲ, ನಕ್ಷೆಯ ತಪ್ಪೆಲ್ಲ ಎಕರೆಯೊಳಗೆ ಸೇರಿಕೊಳ್ಳುತ್ತದೆ. ಪ್ರತಿ ಗುಂಪಿನಲ್ಲೂ ಚೀಟಿ ಎತ್ತಿದ ಹಾಗೆ ಬಿಂದುಗಳನ್ನು ಆರಿಸಿ, ಒಂದೊಂದನ್ನೂ ಸೂಕ್ಷ್ಮ ಚಿತ್ರದಲ್ಲೋ ಸ್ಥಳದಲ್ಲೋ ಪರೀಕ್ಷಿಸಿ, ಅದರಿಂದ ವಿಸ್ತೀರ್ಣ ಲೆಕ್ಕ ಹಾಕಬೇಕು. ಜೊತೆಗೆ 'ಇಷ್ಟು ಹೆಚ್ಚು-ಕಡಿಮೆ' ಎಂಬ ಅಂತರವನ್ನೂ ಬರೆಯಬೇಕು.

ಸರ್ಕಾರದ ವರದಿ ಹೆಚ್ಚಾಗಿದೆ ಅಂತದೆ, ಗ್ಲೋಬಲ್ ಫಾರೆಸ್ಟ್ ವಾಚ್ ಕಡಿಮೆಯಾಗಿದೆ ಅಂತದೆ. ಯಾರು ಸರಿ?

ಇಬ್ಬರೂ ಬೇರೆ ಬೇರೆ ವಸ್ತು ಅಳೆಯುತ್ತಿದ್ದಾರೆ. 2023ರ ಅರಣ್ಯ ವರದಿ ದೇಶದ ಶೇಕಡಾ 21.76 ಭಾಗ ಅರಣ್ಯ ಹೊದಿಕೆ ಎನ್ನುತ್ತದೆ. ಅದು ಕೂಡಿ-ಕಳೆದ ಮೇಲಿನ ಲೆಕ್ಕ. ಒಂದು ಕಡೆ ಕಾಡು ಹೋಗಿ ಇನ್ನೊಂದು ಕಡೆ ತೋಟ ಬಂದರೆ ಸರಿಸಮ. ಗ್ಲೋಬಲ್ ಫಾರೆಸ್ಟ್ ವಾಚ್ ಎಂಬ ಜಾಲತಾಣದ ವರ್ಷವರ್ಷದ ಸಂಖ್ಯೆ 5 ಮೀಟರ್‌ಗಿಂತ ಎತ್ತರದ ಮರ ಹೋದದ್ದನ್ನು ಮಾತ್ರ ಎಣಿಸುತ್ತದೆ, ಬಂದದ್ದನ್ನು ಅದರಿಂದ ಕಳೆಯುವುದಿಲ್ಲ. ಹಳೆ ರಬ್ಬರ್ ಕಡಿದು ಹೊಸ ರಬ್ಬರ್ ನೆಟ್ಟರೂ ಅಲ್ಲಿ ನಷ್ಟವೇ. ನಮ್ಮ ಜಿಲ್ಲೆಗಳಿಗೆ ಎರಡರಲ್ಲಿ ಯಾವುದೂ ಹಾಗೇ ಹೊಂದುವುದಿಲ್ಲ.

ನೈಸಾರ್ ಬಂದ ಮೇಲೆ ಎಂತ ಬದಲಾಗ್ತದೆ?

ಇಸ್ರೋ ಮತ್ತು ನಾಸಾ ಸೇರಿ ಮಾಡಿದ ರೇಡಾರ್ ಉಪಗ್ರಹ ನೈಸಾರ್ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹೋಯಿತು. ಸೆಂಟಿನೆಲ್-1ರ ಅಲೆಯ ಉದ್ದ ಐದೂವರೆ ಸೆಂಟಿಮೀಟರ್ ಆಸುಪಾಸು. ಅದು ಮೇಲಿನ ಎಲೆಗೇ ತಾಗಿ ಹಿಂದಕ್ಕೆ ಬರುತ್ತದೆ. ನೈಸಾರ್‌ನ ಎಲ್ ಬ್ಯಾಂಡ್ ಅಲೆ ಸುಮಾರು 24 ಸೆಂಟಿಮೀಟರ್. ಅದು ಎಲೆ ದಾಟಿ ಕೊಂಬೆ, ಕಾಂಡದವರೆಗೆ ಇಳಿಯುತ್ತದೆ. ಒಂದೇ ಹಸಿರು ಮೇಲ್ಮೈಯ ಕೆಳಗೆ ತೆಳು ಕಾಂಡದ ಅಡಿಕೆ ಇದೆಯೋ ದಪ್ಪ ಕಾಂಡದ ಹಳೆ ಮರ ಇದೆಯೋ ಎಂಬುದಕ್ಕೆ ಸುಳಿವು ಸಿಗಬಹುದು ಎಂಬ ಆಸೆ ನನ್ನದು. 12 ದಿನಕ್ಕೊಮ್ಮೆ ಅದೇ ದಾರಿಗೆ ಮರಳುತ್ತದೆ, ಮಳೆಗಾಲದಲ್ಲೂ.

ಈ ಚಿತ್ರ ಕೋರ್ಟಿನಲ್ಲಿ ನಡೀತದಾ?

ನ್ಯಾಯಾಲಯಗಳು, ಹಸಿರು ನ್ಯಾಯಮಂಡಳಿ ಉಪಗ್ರಹ ಚಿತ್ರಗಳನ್ನು ನೋಡುತ್ತವೆ. ಆದರೆ ಫೋನಿನ ಸ್ಕ್ರೀನ್‌ಶಾಟ್ ಸಾಲದು. ಯಾವ ಉಪಗ್ರಹ, ಯಾವ ತಾರೀಖು, ಚಿತ್ರದ ಗುರುತು ಸಂಖ್ಯೆ, ಜಾಗದ ಅಕ್ಷಾಂಶ-ರೇಖಾಂಶ ಎಲ್ಲ ಬರೆದಿಡಿ. ಮೂಲ ಫೈಲ್ ಅಳಿಸಬೇಡಿ. ಎಲೆಕ್ಟ್ರಾನಿಕ್ ದಾಖಲೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಪ್ರಮಾಣಪತ್ರ ಬೇಕು. ಅದನ್ನು ವಕೀಲರ ಹತ್ತಿರ ಕೂತೇ ಮಾಡಿಸಿ.

ಸ್ಥಳಕ್ಕೆ ಹೋದಾಗ ಎಂತ ನೋಡಬೇಕು?

ಮೊದಲು ಜಾಗದವರ ಹತ್ತಿರ ಕೇಳಿ ಒಳಗೆ ಹೋಗಿ. ಪಿಕ್ಸೆಲ್‌ನ ನಡುವಿಗೆ ನಿಂತು ನಾಲ್ಕು ದಿಕ್ಕಿಗೆ ನಾಲ್ಕು ಫೋಟೋ, ತಲೆ ಮೇಲಕ್ಕೆ ಒಂದು, ನೆಲಕ್ಕೆ ಒಂದು ತೆಗೆಯಿರಿ. ಮರದ ಹೆಸರು ಊರವರು ಹೇಳುವ ಹಾಗೆಯೇ ಬರೆದುಕೊಳ್ಳಿ, ತುಳುವಿನಲ್ಲಾದರೆ ತುಳುವಿನಲ್ಲೇ. ಕಡಿದ ಬುಡ ಇದ್ದರೆ ಚಿಗುರಿದೆಯಾ ನೋಡಿ, ಯಾವಾಗ ಕಡಿದದ್ದೆಂದು ಅಂದಾಜು ಸಿಗುತ್ತದೆ. ಆಮೇಲೆ ಹತ್ತಿರದ ಮನೆಯ ಹಿರಿಯರ ಹತ್ತಿರ ಕೂತು 'ಇಲ್ಲಿ ಮೊದಲು ಎಂತ ಇತ್ತು' ಎಂದು ಕೇಳಿ. ಅವರು ಹೇಳಿದ ವರ್ಷ ಬರೆದುಕೊಳ್ಳಿ. ಮನೆಗೆ ಬಂದು ಆ ವರ್ಷದ ಜನವರಿ ಚಿತ್ರ ತೆರೆಯಿರಿ.